ಡಾಕ್ಟರ್ ಕ್ಲಿನಿಕ್‌ನಿಂದ ದಪ್ಪ ಕಾಗದದ ಪತ್ರ ಬಂದರೆ ತಕ್ಷಣ ಕಾರ್ಡ್ ನಂಬರ್ ಕೊಡಬೇಡಿ

ಅಮೆರಿಕದಲ್ಲಿರುವ ಕನ್ನಡದವರು, ಅದರಲ್ಲೂ ಅಪ್ಪ ಅಮ್ಮನನ್ನು ಜೊತೆಗಿಟ್ಟುಕೊಂಡಿರುವವರು, ಸ್ವಲ್ಪ ಬಿಡುವು ಮಾಡಿಕೊಂಡು ಇದನ್ನು ಓದಿ. ಡಾಕ್ಟರ್ ಕ್ಲಿನಿಕ್‌ನ ವರ್ಷದ ಮೆಂಬರ್‌ಶಿಪ್‌ಗೆ ಅಂತ ಕಟ್ಟಿದ ನನ್ನ 2,200 ಡಾಲರ್ ಹೋಯಿತು. ಅದರ ಮೇಲೆ ವರ್ಷವಿಡೀ ತಲೆನೋವು. ನಿಮಗೂ ಅದೇ ಆಗುವುದು ಬೇಡ.

ನಾವಿರುವುದು ನ್ಯೂಜೆರ್ಸಿಯಲ್ಲಿ, ಎಡಿಸನ್ ಹತ್ತಿರ. ಹದಿಮೂರು ವರ್ಷ ನಮ್ಮ ಮನೆಗೆ ಒಬ್ಬರೇ ಡಾಕ್ಟರ್. ಕನ್ನಡದವರು. ಹೆಸರು ಬರೆಯುವುದಿಲ್ಲ, ಯಾಕೆಂದರೆ ಮನುಷ್ಯ ಕೆಟ್ಟವರಲ್ಲ. ಅಮ್ಮನಿಗೆ ಈಗ 72. ಅಂಗಡಿಯಲ್ಲಿ, ಪಾರ್ಕಿನಲ್ಲಿ ಸಾಕಾಗುವಷ್ಟು ಇಂಗ್ಲಿಷ್ ಇದೆ. ಆದರೆ ಮೈಯಲ್ಲಿ ಆಗುತ್ತಿರುವುದನ್ನು ಇಂಗ್ಲಿಷಿನಲ್ಲಿ ಹೇಳಲು ಅವಳಿಗೆ ಬರುವುದಿಲ್ಲ. "ಡಾಕ್ಟ್ರೇ, ತಲೆ ಜುಂ ಅನ್ನುತ್ತೆ, ಆಮೇಲೆ ಒಂಥರಾ ಸಂಕಟ ಆಗುತ್ತೆ" ಅಂದರೆ ಅವರಿಗೆ ತಿಳಿಯುತ್ತಿತ್ತು. ಈ ಸಂಕಟವನ್ನು ನಾನು ಬೇರೆ ಡಾಕ್ಟರ್ ಮುಂದೆ ಏನಂತ ಹೇಳಲಿ? ವಾಂತಿ ಬಂದ ಹಾಗೆ ಅನ್ನಲಾ, ಎದೆ ಹಿಂಡಿದ ಹಾಗೆ ಅನ್ನಲಾ?

ಹೋಗುವಾಗೆಲ್ಲ ಅಮ್ಮ ಹಳೇ ಮೊಸರಿನ ಡಬ್ಬಿಯಲ್ಲಿ ಕೋಡುಬಳೆ ತುಂಬಿಕೊಳ್ಳುತ್ತಿದ್ದಳು. ಅವರು ಬಿಪಿ ಪಟ್ಟಿ ಸುತ್ತುತ್ತಾ, "ಇದಕ್ಕೆ ಉಪ್ಪು ಎಷ್ಟು ಹಾಕಿದೀರಮ್ಮಾ, ನಿಜ ಹೇಳಿ" ಅಂತ ರೇಗಿಸುತ್ತಿದ್ದರು. ಇದನ್ನೆಲ್ಲ ಸುಮ್ನೆ ಹೇಳುತ್ತಿಲ್ಲ. ನಾನು ಕಣ್ಣು ಮುಚ್ಚಿಕೊಂಡು ದುಡ್ಡು ಕಟ್ಟಿದ್ದು ಈ ಡಬ್ಬಿಯ ಸಲಿಗೆಗೆ.

2024ರ ಆಗಸ್ಟ್‌ನಲ್ಲಿ ಒಂದು ಪತ್ರ ಬಂತು. ದಪ್ಪ ಕಾಗದ, ಕೆನೆ ಬಣ್ಣ. ಯಾರದೋ ಗೃಹಪ್ರವೇಶ ಅಂದುಕೊಂಡು ಒಡೆದೆ. ರೋಗಿಗಳಿಗೆ ಇನ್ನೂ ಜಾಸ್ತಿ ಸಮಯ ಕೊಡಬೇಕು ಅನ್ನುವ ಆಸೆಯಿಂದ ಜನವರಿ 1ರಿಂದ ಕ್ಲಿನಿಕ್ ಮೆಂಬರ್‌ಶಿಪ್ ಪದ್ಧತಿಗೆ ಹೋಗುತ್ತಿದೆಯಂತೆ. ಅದೇ ದಿನ ಇಲ್ಲವೇ ಮರುದಿನ ಅಪಾಯಿಂಟ್‌ಮೆಂಟ್. ಒಮ್ಮೆ ಹೋದರೆ ಅರ್ಧ ಗಂಟೆ. 24 ಗಂಟೆಯೂ ಫೋನ್. ತಲೆಗೆ ವರ್ಷಕ್ಕೆ 2,200 ಡಾಲರ್. 600 ಜನಕ್ಕೆ ಮಾತ್ರ ಜಾಗ, ಮೊದಲು ಬಂದವರಿಗೆ ಮೊದಲು. ಎರಡನೇ ಪುಟದ ಕೆಳಗೆ ಇನ್ನೊಂದು ಸಾಲು: ಸೇರದವರು ಡಿಸೆಂಬರ್ 31ರೊಳಗೆ ಬೇರೆ ಡಾಕ್ಟರ್ ನೋಡಿಕೊಳ್ಳಬೇಕು.

ಇಲ್ಲಿ ಇದಕ್ಕೆ ಕಾನ್ಸಿಯರ್ಜ್ ಮೆಡಿಸಿನ್ ಅನ್ನುತ್ತಾರೆ. 1996ರಲ್ಲಿ ಸಿಯಾಟಲ್‌ನಲ್ಲಿ ಭಾರೀ ಶ್ರೀಮಂತರಿಗಾಗಿ ಶುರುವಾದದ್ದು. ಈಗ ನಮ್ಮಂಥವರ ಬೀದಿಗೂ ಬಂದಿದೆ. ಲೆಕ್ಕ ನೋಡಿ. ಸಾಮಾನ್ಯ ಫ್ಯಾಮಿಲಿ ಡಾಕ್ಟರ್ ಒಬ್ಬರ ಕೈಯಲ್ಲಿ ಎರಡು ಸಾವಿರದ ಆಸುಪಾಸು ರೋಗಿಗಳಿರುತ್ತಾರೆ. ಅದರಲ್ಲಿ 600 ಜನ ದುಡ್ಡು ಕಟ್ಟಿದರೂ ವರ್ಷಕ್ಕೆ 13 ಲಕ್ಷ ಡಾಲರ್ ದಾಟುತ್ತದೆ. ಇದನ್ನು ನಡೆಸಿಕೊಡುವ ಕಂಪನಿ ಇದ್ದರೆ ಅದಕ್ಕೊಂದು ಪಾಲು. ಇನ್ಶೂರೆನ್ಸ್‌ನಿಂದ ಬರುವುದು ಬೇರೆ. ಉಳಿದ ಸಾವಿರಕ್ಕೂ ಹೆಚ್ಚು ಜನ ತಮ್ಮ ದಾರಿ ತಾವು ನೋಡಿಕೊಳ್ಳಬೇಕು.

ಮೂರು ಜನಕ್ಕೆ 6,600 ಆಗುತ್ತಿತ್ತು. ಹೆಂಡತಿ ಮೊದಲ ದಿನವೇ "ನಮಗಿಬ್ಬರಿಗೆ ಬೇಡ, ಅತ್ತೆಗೆ ಮಾತ್ರ ಮಾಡಿಸಿ" ಅಂದಳು. ಅಮ್ಮ ರೂಪಾಯಿ ಲೆಕ್ಕ ಕೇಳಿದಳು. ಒಂದು ಲಕ್ಷದ ಎಂಬತ್ತೈದು ಸಾವಿರ ಅಂದೆ. "ಬರೀ ಮುಖ ನೋಡಕ್ಕೇನೋ?" ಅಂದಳು. ಅವತ್ತು ನಾವೆಲ್ಲ ನಕ್ಕುಬಿಟ್ಟೆವು. ಆ ಪ್ರಶ್ನೆಯನ್ನು ನಾನು ಈ ಮೆಂಬರ್‌ಶಿಪ್ ನಡೆಸುವ ಕಂಪನಿಯವರಿಗೇ ಕೇಳಬೇಕಿತ್ತು.

ಫೋನ್ ಮಾಡಿದರೆ ನಮ್ಮ ಹಳೇ ರಿಸೆಪ್ಷನಿಸ್ಟ್ ಎತ್ತಲಿಲ್ಲ. ಬೇರೆ ರಾಜ್ಯದಲ್ಲಿ ಕೂತಿದ್ದ ಮೆಂಬರ್‌ಶಿಪ್ ವಿಭಾಗದ ಹುಡುಗಿ ಎತ್ತಿದಳು. ತುಂಬಾ ನಯವಾದ ಮಾತು. ಇನ್ನು ನಲವತ್ತು ಜಾಗ ಮಾತ್ರ ಉಳಿದಿವೆ ಅಂದಳು. (ನವೆಂಬರ್‌ನಲ್ಲಿ ಸೇರಿದ ಪರಿಚಯದವರಿಗೂ ಅದೇ ನಲವತ್ತು ಹೇಳಿದ್ದರಂತೆ.) ಮಗನ ಸಾಕರ್ ಮೈದಾನದ ಪಕ್ಕ ನಿಂತುಕೊಂಡು ಕಾರ್ಡ್ ನಂಬರ್ ಕೊಟ್ಟೆ. ಹನ್ನೊಂದು ಪುಟದ ಒಪ್ಪಂದ ಈಮೇಲ್‌ನಲ್ಲಿ ಬಂತು. ಬೆರಳಲ್ಲೇ ಜಾರಿಸಿ ಜಾರಿಸಿ ಕೊನೇ ಪುಟಕ್ಕೆ ಹೋಗಿ ಸಹಿ ಗೀಚಿದೆ. ಕೆಲಸದಲ್ಲಿ ದಿನಾ ಕಾಂಟ್ರಾಕ್ಟ್ ಓದುವ ಮನುಷ್ಯ ನಾನು. ನಾಚಿಕೆ ಆಗುತ್ತದೆ.

ಮೊದಲ ಏಟು ಬಿದ್ದಿದ್ದು ಫೆಬ್ರವರಿಯಲ್ಲಿ. ಅಮ್ಮ ಮಂಡಿ ನೋವಿಗೆ ಹೋಗಿ ಬಂದಳು. ಅರ್ಧ ಗಂಟೆ ಕೂರಿಸಿಕೊಂಡು ಚೆನ್ನಾಗಿಯೇ ನೋಡಿದರಂತೆ. ಮೂರು ವಾರಕ್ಕೆ ಬಿಲ್ ಬಂತು. ನಾನು ಅಂದುಕೊಂಡಿದ್ದು, 2,200 ಕಟ್ಟಿದ ಮೇಲೆ ಕ್ಲಿನಿಕ್ ಖರ್ಚು ಮುಗಿಯಿತು ಅಂತ. ಎಲ್ಲಿಯ ಮುಗಿಯುವುದು! ಹೋದಾಗೆಲ್ಲ ಅವರು ಮೆಡಿಕೇರ್‌ಗೆ, ಅಂದರೆ 65 ದಾಟಿದವರ ಸರ್ಕಾರಿ ಇನ್ಶೂರೆನ್ಸ್‌ಗೆ, ಬಿಲ್ ಹಾಕುತ್ತಾರೆ. 2025ರಲ್ಲಿ ಅದರ ಪಾರ್ಟ್ ಬಿ (ಡಾಕ್ಟರ್ ಖರ್ಚಿನ ಭಾಗ) ಡಿಡಕ್ಟಿಬಲ್, ಅಂದರೆ ಮೊದಲು ನಮ್ಮ ಕೈಯಿಂದಲೇ ಹೋಗುವುದು, 257 ಡಾಲರ್, ಅದು ಮುಗಿದ ಮೇಲೆ ನೂರಕ್ಕೆ 20 ನಮ್ಮ ಪಾಲು. ಮೊದಲು ಹೇಗಿತ್ತೋ ಹಾಗೇ. ಮೆಂಬರ್‌ಶಿಪ್ ದುಡ್ಡಿನಲ್ಲಿ ಮೆಡಿಕೇರ್ ಒಂದು ಪೈಸೆಯನ್ನೂ ಕೊಡುವುದಿಲ್ಲ.

ಅಪ್ಪ ಅಮ್ಮನಿಗೆ ಗ್ರೀನ್ ಕಾರ್ಡ್ ಮಾಡಿಸಿದವರಿಗೆ ಇದು ಎಷ್ಟು ಉರಿಯುತ್ತದೆ ಅಂತ ಗೊತ್ತಾಗುತ್ತದೆ. ಅಮ್ಮ ಇಲ್ಲಿ ಕೆಲಸ ಮಾಡಿದವಳಲ್ಲ. ಐದು ವರ್ಷ ಸತತ ಇಲ್ಲೇ ಇದ್ದ ಮೇಲೆ ದುಡ್ಡು ಕಟ್ಟಿ ಮೆಡಿಕೇರ್ ಕೊಂಡಿದ್ದೇವೆ. ಮಕ್ಕಳು ಎಷ್ಟೇ ವರ್ಷ ತೆರಿಗೆ ಕಟ್ಟಿರಲಿ, ಅದು ಇವರ ಲೆಕ್ಕಕ್ಕೆ ಬರುವುದಿಲ್ಲ. 2025ರಲ್ಲಿ ಪಾರ್ಟ್ ಎ (ಆಸ್ಪತ್ರೆ ಖರ್ಚಿನ ಭಾಗ) ತಿಂಗಳಿಗೆ 518, ಪಾರ್ಟ್ ಬಿ 185. ಅಂದರೆ 703 ಡಾಲರ್ ತಿಂಗಳು ತಿಂಗಳು ಮೊದಲೇ ಹೋಗುತ್ತಿತ್ತು. ಅದರ ಮೇಲೆ ಈ 2,200.

ಹಾಗಾದರೆ ಆ ದುಡ್ಡು ಯಾತಕ್ಕೆ? ಆಗ ಒಪ್ಪಂದ ತೆಗೆದು ಓದಿದೆ. ಮೆಡಿಕೇರ್ ಒಪ್ಪಿಕೊಂಡ ಡಾಕ್ಟರ್, ಮೆಡಿಕೇರ್ ಕೊಡುವ ಸೇವೆಗೆ ಮೇಲೆ ದುಡ್ಡು ಕೇಳುವ ಹಾಗಿಲ್ಲ. ಅದಕ್ಕೇ ಈ ಶುಲ್ಕ ಮೆಡಿಕೇರ್‌ನಲ್ಲಿ ಇಲ್ಲದ ಸೇವೆಗಳಿಗೆ ಅಂತ ಬರೆದಿರುತ್ತಾರೆ. ನಮ್ಮದರಲ್ಲಿ ಅದರ ಮುಖ್ಯ ಐಟಂ ವರ್ಷಕ್ಕೊಂದು ಸವಿಸ್ತಾರ ಆರೋಗ್ಯ ತಪಾಸಣೆ. ವರ್ಷಕ್ಕೊಂದು ವೆಲ್‌ನೆಸ್ ವಿಸಿಟ್ ಮೆಡಿಕೇರ್‌ನಲ್ಲಿ ಹೇಗೂ ಪುಕ್ಕಟೆ. ಅದರಲ್ಲಿ ಇಷ್ಟು ಪರೀಕ್ಷೆ ಇರುವುದಿಲ್ಲ ನಿಜ. ಆದರೆ 72ರ ಅಮ್ಮನಿಗೆ ಇಷ್ಟೆಲ್ಲ ಬೇಕಿತ್ತಾ? ಏಳು ಸೀಸೆ ರಕ್ತ ತೆಗೆದರು. ಬಣ್ಣ ಬಣ್ಣದ ಬೈಂಡರ್‌ನಲ್ಲಿ ರಿಪೋರ್ಟ್ ಕೊಟ್ಟರು. ಅದರಲ್ಲಿ ಕೆಲವು ಪರೀಕ್ಷೆ ಇನ್ಶೂರೆನ್ಸ್‌ನಲ್ಲೂ ಇಲ್ಲ, ಮೆಂಬರ್‌ಶಿಪ್‌ನಲ್ಲೂ ಇಲ್ಲ. ಲ್ಯಾಬ್‌ನವರು ನೇರವಾಗಿ ಮನೆಗೆ 340 ಡಾಲರ್ ಬಿಲ್ ಕಳಿಸಿದರು. ಬೈಂಡರ್ ಈಗ ಅಮ್ಮನ ಟಿವಿ ಕೆಳಗಿದೆ.

ಎರಡನೇದು ಮಾರ್ಚ್‌ನ ಒಂದು ಭಾನುವಾರ ರಾತ್ರಿ. ಹನ್ನೊಂದೂವರೆ ಇರಬೇಕು. ಅಮ್ಮ ಬಾತ್‌ರೂಮಿನ ಬಾಗಿಲು ಹಿಡಿದುಕೊಂಡು ನಿಂತಿದ್ದಾಳೆ, ಮುಖವೆಲ್ಲ ಬೆವರು. ರೂಮೆಲ್ಲ ತಿರುಗುತ್ತಿದೆ ಅನ್ನುತ್ತಾಳೆ. ನಾನು ಆ 24 ಗಂಟೆ ನಂಬರ್ ಒತ್ತಿದೆ. ಇದಕ್ಕೇ ತಾನೇ ದುಡ್ಡು ಕಟ್ಟಿದ್ದು? ಎತ್ತಿದ್ದು ಆನ್ಸರಿಂಗ್ ಸರ್ವಿಸ್. ಹೆಸರು, ಹುಟ್ಟಿದ ತಾರೀಖು, ಮೆಂಬರ್ ನಂಬರ್. ಇಪ್ಪತ್ತೆರಡು ನಿಮಿಷದ ಮೇಲೆ ಒಬ್ಬ ಡಾಕ್ಟರ್ ವಾಪಸ್ ಮಾಡಿದರು. ನಮ್ಮವರಲ್ಲ, ಆ ವಾರಾಂತ್ಯ ಅವರ ಬದಲಿಗೆ ಫೋನ್ ನೋಡಿಕೊಳ್ಳುತ್ತಿದ್ದವರು. ಅಮ್ಮನ ಫೈಲ್ ಅವರ ಮುಂದಿರಲಿಲ್ಲ. ಎರಡು ಪ್ರಶ್ನೆ ಕೇಳಿ, "ಎಮರ್ಜೆನ್ಸಿಗೆ ಕರೆದುಕೊಂಡು ಹೋಗಿ" ಅಂದರು. ಆ ವಯಸ್ಸಿಗೆ ಅದೇ ಸರಿಯಾದ ಮಾತು, ಅದರಲ್ಲಿ ತಪ್ಪು ಹುಡುಕುತ್ತಿಲ್ಲ. ತಪ್ಪು ನನ್ನದು. ಆ ಇಪ್ಪತ್ತೆರಡು ನಿಮಿಷ ನಾನು ಕಾಯಲೇಬಾರದಿತ್ತು, ನೇರ 911ಕ್ಕೆ ಮಾಡಬೇಕಿತ್ತು. ಕಿವಿಯ ಸಮಸ್ಯೆ ಅಂತ ಆಮೇಲೆ ಗೊತ್ತಾಯಿತು, ದೇವರ ದಯೆ. ಸ್ಟ್ರೋಕ್ ಆಗಿದ್ದರೆ?

ಆಸ್ಪತ್ರೆಯಲ್ಲಿ ಈ ಮೆಂಬರ್‌ಶಿಪ್‌ಗೆ ಮೂರು ಕಾಸಿನ ಬೆಲೆ ಇಲ್ಲ. ಅಲ್ಲಿ ನೋಡುವವರು ಅಲ್ಲಿಯ ಡಾಕ್ಟರ್‌ಗಳು. ಸಿಟಿ ಸ್ಕ್ಯಾನ್, ರಾತ್ರಿಯಿಡೀ ಅಬ್ಸರ್ವೇಶನ್, ನಮ್ಮ ಪಾಲಿಗೆ ಆರುನೂರು ಚಿಲ್ಲರೆ. ಬೆಳಗಿನ ಜಾವ ಒಬ್ಬ ಹುಡುಗ ಡಾಕ್ಟರ್ ಬಂದು ಏನಾಯಿತು ಅಂತ ಕೇಳಿದ. ಅಮ್ಮ ನನ್ನ ಮುಖ ನೋಡಿ "ಸಂಕಟ ಅಂತ ಹೇಳೋ" ಅಂದಳು.

ಇತ್ತ ಸೇರದೆ ಉಳಿದ ನಮ್ಮಿಬ್ಬರ ಕಥೆ. ಹೆಂಡತಿಗೆ ಥೈರಾಯ್ಡ್ ಮಾತ್ರೆ. ಜನವರಿ ಎರಡನೇ ವಾರ ರೀಫಿಲ್ ಕೇಳಿದರೆ, ಈಗ ನೀವು ನಮ್ಮ ರೋಗಿ ಅಲ್ಲ ಅಂತ ಕ್ಲಿನಿಕ್‌ನಿಂದ ಫಾರ್ಮಸಿಗೆ ಉತ್ತರ. ಹದಿಮೂರು ವರ್ಷದ ಮೇಲೆ ಅಷ್ಟೇ ಮಾತು. ಇನ್ಶೂರೆನ್ಸ್ ವೆಬ್‌ಸೈಟಿನ ಪಟ್ಟಿ ಹಿಡಿದು ಹುಡುಕಲು ಕೂತೆವು. ಮೊದಲನೆಯವರು ರಿಟೈರ್ ಆಗಿದ್ದರು. ಎರಡನೆಯವರು ಹೊಸ ರೋಗಿಗಳನ್ನು ತೆಗೆದುಕೊಳ್ಳುತ್ತಿಲ್ಲ. ಮೂರನೆಯ ಕ್ಲಿನಿಕ್‌ನವರು ಖುಷಿಯಿಂದ "ನಾವೂ ಮಾರ್ಚ್‌ನಿಂದ ಮೆಂಬರ್‌ಶಿಪ್‌ಗೆ ಹೋಗುತ್ತಿದ್ದೇವೆ, ವಿವರ ಕಳಿಸಲಾ?" ಅಂದರು. ಕೊನೆಗೆ ಸಿಕ್ಕಿದ ಡಾಕ್ಟರ್ ಏಳು ವಾರದ ನಂತರದ ತಾರೀಖು ಕೊಟ್ಟರು. ನಡುವೆ ಅರ್ಜೆಂಟ್ ಕೇರ್‌ಗೆ ಹೋಗಿ ಮೂವತ್ತು ದಿನದ ಮಾತ್ರೆ ಬರೆಸಿಕೊಂಡು ಬಂದೆವು.

ಹಳೇ ರೆಕಾರ್ಡ್ ಇನ್ನೊಂದು ರಾಮಾಯಣ. ಆನ್‌ಲೈನ್ ಪೋರ್ಟಲ್ ಜನವರಿ 1ಕ್ಕೆ ಮುಚ್ಚಿತ್ತು. ಹಿಪಾ ಅನ್ನುವ ಇಲ್ಲಿಯ ವೈದ್ಯಕೀಯ ಮಾಹಿತಿ ಕಾನೂನಿನ ಪ್ರಕಾರ ಕೇಳಿದ 30 ದಿನದೊಳಗೆ ನಮ್ಮ ರೆಕಾರ್ಡ್ ನಮಗೆ ಕೊಡಬೇಕು. ಇಪ್ಪತ್ತೆಂಟನೇ ದಿನ ಕೊಟ್ಟರು, ಇನ್ನೂರು ಪುಟ ಫ್ಯಾಕ್ಸ್, ಅರ್ಧ ತಲೆಕೆಳಗು. 2019ರ ಸ್ಕ್ಯಾನ್ ರಿಪೋರ್ಟ್ ಅದರಲ್ಲಿ ಇರಲೇ ಇಲ್ಲ. ಪತ್ರ ಬಂದ ಆಗಸ್ಟ್‌ನಲ್ಲೇ ಪೋರ್ಟಲ್‌ಗೆ ಹೋಗಿ ಎಲ್ಲ ಇಳಿಸಿಕೊಂಡಿದ್ದರೆ ಒಂದು ಸಂಜೆಯ ಕೆಲಸ. ಅದರ ಜೊತೆಗೆ ಡಿಸೆಂಬರ್ ಮುಗಿಯುವ ಮುನ್ನ ದಿನದ ಮಾತ್ರೆಗಳಿಗೆ 90 ದಿನದ ಚೀಟಿ ಬರೆಸಿಕೊಳ್ಳಿ. ಇವೆರಡನ್ನು ನೀವು ಸೇರಿದರೂ ಮಾಡಿ, ಸೇರದಿದ್ದರೂ ಮಾಡಿ.

ಏಪ್ರಿಲ್‌ನಲ್ಲಿ ಸಾಕಪ್ಪ ಸಾಕು ಅಂತ ಬಿಡಲು ಹೋದೆ. ಉಳಿದ ಎಂಟು ತಿಂಗಳ ದುಡ್ಡು ಕೊಡಿ ಅಂದೆ. ವಾರ್ಷಿಕ ತಪಾಸಣೆ ಮಾಡಿಸಿಕೊಂಡ ಮೇಲೆ ರಿಫಂಡ್ ಇಲ್ಲ, ಏಳನೇ ಪುಟ ನೋಡಿ ಅಂದರು. ಆಯಿತು, ಮುಂದಿನ ವರ್ಷಕ್ಕೆ ಬೇಡ ಅಂತ ನವೆಂಬರ್‌ನಲ್ಲಿ ಫೋನಿನಲ್ಲಿ ಹೇಳಿದೆ. ಡಿಸೆಂಬರ್ 1ಕ್ಕೆ ಕಾರ್ಡಿನಿಂದ 2,400 ಎಳೆದರು. ಹೌದು, ರೇಟು ಕೂಡ ಏರಿತ್ತು. ಬೇಡ ಅನ್ನುವುದನ್ನು ವರ್ಷ ಮುಗಿಯುವ 60 ದಿನ ಮೊದಲೇ ಬರವಣಿಗೆಯಲ್ಲಿ ತಿಳಿಸಬೇಕಿತ್ತಂತೆ. ಒಂಬತ್ತನೇ ಪುಟ.

ಆಗ ಅಮ್ಮನನ್ನು ಕರೆದುಕೊಂಡು ನೇರ ಕ್ಲಿನಿಕ್‌ಗೇ ಹೋದೆ. ಡಾಕ್ಟರ್ ಹೊರಗೆ ಬಂದರು, ಅಮ್ಮನನ್ನು ಕೂರಿಸಿದರು. ನಾನು ಕಾರ್ಡ್ ಸ್ಟೇಟ್‌ಮೆಂಟ್ ತೋರಿಸಿದೆ. ಅವರಿಗೆ ನಿಜವಾಗಿ ಗೊತ್ತೇ ಇರಲಿಲ್ಲ ಅಂತ ನನಗೆ ಅನಿಸಿತು. ದುಡ್ಡಿನ ವಿಚಾರವೆಲ್ಲ ಕಂಪನಿಯದು. "ಮೊದಲು ದಿನಕ್ಕೆ ಇಪ್ಪತ್ತೈದು ಜನ ನೋಡ್ತಿದ್ದೆ. ರಾತ್ರಿ ಹತ್ತರ ತನಕ ಕಂಪ್ಯೂಟರಲ್ಲಿ ನೋಟ್ಸ್ ಬರೀತಿದ್ದೆ. ಮಗಳ ಜೊತೆ ಊಟಕ್ಕೆ ಕೂತು ಎಷ್ಟು ವರ್ಷ ಆಗಿತ್ತು ಗೊತ್ತಾ?" ಅಂದರು. ಅದು ಸುಳ್ಳಲ್ಲ. ಅವರ ಜಾಗದಲ್ಲಿ ನಾನಿದ್ದರೂ ಬಹುಶಃ ಹೀಗೇ ಮಾಡುತ್ತಿದ್ದೆ. ಎರಡು ವಾರದಲ್ಲಿ 2,400 ವಾಪಸ್ ಬಂತು. ಮೊದಲಿನ 2,200 ಹೋಗಿದ್ದು ಹೋದ ಹಾಗೆಯೇ.

ಎಲ್ಲ ಮೆಂಬರ್‌ಶಿಪ್ ಕ್ಲಿನಿಕ್‌ಗಳೂ ಹೀಗೇ ಅನ್ನುತ್ತಿಲ್ಲ. ಟೆಕ್ಸಸ್‌ನಲ್ಲಿರುವ ನನ್ನ ಸ್ನೇಹಿತ ತಿಂಗಳಿಗೆ 80 ಡಾಲರ್ ಕಟ್ಟಿ ಖುಷಿಯಾಗಿದ್ದಾನೆ. ಅದು ಡೈರೆಕ್ಟ್ ಪ್ರೈಮರಿ ಕೇರ್, ಬೇರೆ ಜಾತಿ. ಅಲ್ಲಿ ಇನ್ಶೂರೆನ್ಸ್‌ಗೆ ಬಿಲ್ ಹಾಕುವುದೇ ಇಲ್ಲ, ಕ್ಲಿನಿಕ್ ಖರ್ಚೆಲ್ಲ ಆ 80ರಲ್ಲೇ. 2026ರ ಜನವರಿಯಿಂದ ಎಚ್‌ಎಸ್‌ಎ (ಆರೋಗ್ಯ ಖರ್ಚಿಗೆ ತೆರಿಗೆ ಇಲ್ಲದ ಉಳಿತಾಯ ಖಾತೆ) ಇರುವವರೂ ಅದಕ್ಕೆ ಸೇರಬಹುದು, ಒಬ್ಬರಿಗೆ ತಿಂಗಳಿಗೆ 150, ಒಬ್ಬರಿಗಿಂತ ಜಾಸ್ತಿ ಇದ್ದರೆ 300 ಡಾಲರ್ ಮಿತಿಯೊಳಗೆ. ನಮ್ಮದು ಎರಡೂ ಕಡೆ ದುಡ್ಡು ತೆಗೆದುಕೊಳ್ಳುವ ಬಗೆ. ಪತ್ರ ಎರಡಕ್ಕೂ ಒಂದೇ ಥರ ಇರುತ್ತದೆ, ಮೋಸ ಹೋಗುವುದು ಅಲ್ಲೇ. ಹಾಗಾಗಿ ಫೋನ್ ಎತ್ತಿದವರಿಗೆ ಮೊದಲ ಪ್ರಶ್ನೆಯೇ ಇದಾಗಲಿ: ನಾನು ಕ್ಲಿನಿಕ್‌ಗೆ ಬಂದ ದಿನ ನನ್ನ ಇನ್ಶೂರೆನ್ಸ್‌ಗೂ ಬಿಲ್ ಹಾಕುತ್ತೀರಾ? ಹೂಂ ಅಂದರೆ, ಈ ಶುಲ್ಕ ಯಾವ ಯಾವ ಸೇವೆಗೆ ಅಂತ ಈಮೇಲ್‌ನಲ್ಲಿ ಬರೆದು ಕಳಿಸಲು ಹೇಳಿ. ರಾತ್ರಿ ಫೋನ್ ಎತ್ತುವವರು ಯಾರು, ಮಧ್ಯದಲ್ಲಿ ಬಿಟ್ಟರೆ ಎಷ್ಟು ವಾಪಸ್, ತಾನಾಗೇ ರಿನ್ಯೂ ಆಗುತ್ತಾ, ಇದನ್ನೂ ಬರೆಸಿಕೊಳ್ಳಿ. ಬಾಯಿಮಾತಿನ ಉತ್ತರ ನನ್ನ ಹತ್ತಿರ ಬೇಕಾದಷ್ಟಿತ್ತು.

ಅವತ್ತು ಕ್ಲಿನಿಕ್‌ನಿಂದ ಹೊರಡುವಾಗ ಅಮ್ಮ ಬ್ಯಾಗಿನಿಂದ ಮೊಸರಿನ ಡಬ್ಬಿ ತೆಗೆದು ಡಾಕ್ಟರ್ ಮೇಜಿನ ಮೇಲಿಟ್ಟಳು. ಜಗಳಕ್ಕೆ ಹೋಗುವಾಗಲೂ ಕೋಡುಬಳೆ ತಂದಿದ್ದಳು. ಕಾರಿನಲ್ಲಿ ಕೇಳಿದೆ, ಯಾಕಮ್ಮಾ ಕೊಟ್ಟೆ ಅಂತ. "ಈ ಸಲ ಉಪ್ಪು ಜಾಸ್ತಿ ಆಗಿತ್ತು, ಬಿಡು" ಅಂದಳು.