ಸದಾಶಿವಗಡದ ಬೋರ್ಡಿಲ್ಲದ ಶೆಡ್: ದೋಣಿಯ ಹಿಂಬದಿ ಕೆಲಸಕ್ಕೆ ಐದರಲ್ಲಿ ನಾಲ್ಕು

ಮೊದಲೇ ಹೇಳಿಬಿಡುತ್ತೇನೆ, ಈ ಶೆಡ್ಡಿಗೆ ಹೆಸರಿಲ್ಲ. ಬೋರ್ಡೂ ಇಲ್ಲ, ಮ್ಯಾಪಿನಲ್ಲೂ ಸಿಗಲ್ಲ. ಕಾರವಾರದಿಂದ ಕಾಳಿ ಸೇತುವೆ ದಾಟಿ (2024ರ ಆಗಸ್ಟ್‌ನಲ್ಲಿ ಹಳೇದು ನದಿಗೆ ಬಿತ್ತಲ್ಲ, ಅದರ ಪಕ್ಕದ ಹೊಸದು) ಸದಾಶಿವಗಡದ ಕಡೆ ಇಳಿದು ನದಿ ದಂಡೆಗೆ ಹೋಗಿ. ನೀಲಿ ಟಾರ್ಪಾಲು ಹೊದೆಸಿದ ತಗಡಿನ ಶೆಡ್. ರೆಸಿನ್ (ಫೈಬರ್ ಗಟ್ಟಿ ಮಾಡೋಕೆ ಹಚ್ಚುವ ಅಂಟು ದ್ರವ) ವಾಸನೆ ಹಿಡಿದು ಹೋದರೂ ಸಿಗುತ್ತದೆ.

ನನ್ನದು ಸಣ್ಣ ಫೈಬರ್ ದೋಣಿ, 9.9 ಎಚ್‌ಪಿ ಔಟ್‌ಬೋರ್ಡ್, ಅಂದರೆ ಹಿಂದಿನ ಹಲಗೆಗೆ ಹೊರಗಿನಿಂದ ಕೂರಿಸುವ ಎಂಜಿನ್. ಸೆಕೆಂಡ್ ಹ್ಯಾಂಡ್ ತಗೊಂಡದ್ದು. ಹೊಟ್ಟೆಪಾಡಿಗಲ್ಲ, ರಜೆ ದಿನ ಗಾಳ ಹಾಕೋಕೆ. ಎರಡು ವರ್ಷದ ಹಿಂದೆ ಫಿಶ್ ಫೈಂಡರ್ (ನೀರಿನ ತಳ, ಮೀನು ಸ್ಕ್ರೀನ್‌ನಲ್ಲಿ ತೋರಿಸುವ ಯಂತ್ರ) ತಂದು ಅದರ ಸೆನ್ಸರ್ ಬ್ರಾಕೆಟನ್ನು ನಾನೇ ಹಿಂದಿನ ಹಲಗೆಗೆ ಕೂರಿಸಿದ್ದೆ. ನಾಲ್ಕು ಸ್ಕ್ರೂ, ಮೇಲೆ ಬಚ್ಚಲಿಗೆ ಹಾಕುವ ಸಿಲಿಕೋನ್. ಬಹಳ ಚೆನ್ನಾಗಿ ಕೂತಿದೆ ಅಂದುಕೊಂಡಿದ್ದೆ. ಈ ಸಲ ನೋಡಿದರೆ ಸ್ಕ್ರೂ ಕೆಳಗೆ ಕಂದು ಬಣ್ಣದ ಗೆರೆ, ಕಣ್ಣೀರು ಇಳಿದ ಹಾಗೆ. ಎಂಜಿನ್ ಹಿಡಿದು ಅಲ್ಲಾಡಿಸಿದರೆ ಹಿಂಬದಿ ಇಡೀ ಸ್ವಲ್ಪ ಮಿಸುಕುತ್ತದೆ.

ಶೆಡ್ಡಿನ ಮಾಮ (ಹೆಸರು ಬರೆಯಬೇಡ ಅಂದಿದ್ದಾರೆ) ಬಂದವರೇ ಸ್ಪ್ಯಾನರ್ ಹಿಂದು ಮುಂದು ಮಾಡಿ ಹಿಡಿದು ಹಲಗೆ ತಟ್ಟೋಕೆ ಶುರು ಮಾಡಿದರು. ಹಲಸಿನ ಹಣ್ಣು ಬೆಳೆದಿದೆಯಾ ಅಂತ ತಟ್ಟಿ ನೋಡುತ್ತೇವಲ್ಲ, ಥೇಟ್ ಹಾಗೆ. ಮೇಲೆ ಟಣ್ ಟಣ್. ಸೆನ್ಸರ್ ಹತ್ತಿರ ಬಂದ ಕೂಡಲೇ ಬದ್ ಬದ್. ಅಷ್ಟು ಜಾಗಕ್ಕೆ ಪೆನ್ಸಿಲ್‌ನಲ್ಲಿ ಸುತ್ತು ಹಾಕಿ, ಒಳಗಡೆಯಿಂದ ಸಣ್ಣ ಡ್ರಿಲ್ ಬಿಟ್ ಇಳಿಸಿದರು. ಹೊರಗೆ ಬಂದದ್ದು ಮರದ ಪುಡಿ ಅಲ್ಲ, ಸೋಸಿ ಬಿಟ್ಟ ಚಹಾ ಪುಡಿ. ಒದ್ದೆ, ಕಪ್ಪು, ಹುಳಿ ವಾಸನೆ. ಅದನ್ನು ನನ್ನ ಅಂಗೈ ಮೇಲೆ ಹಾಕಿ "ನೋಡು ತಮ್ಮಾ, ನಿನ್ನ ನಾಲ್ಕು ಸ್ಕ್ರೂ" ಅಂದರು. ಮತ್ತೇನೂ ಹೇಳಲಿಲ್ಲ.

ನನಗೆ ಅಲ್ಲಿಯವರೆಗೆ ಗೊತ್ತೇ ಇರಲಿಲ್ಲ, ಹೊರಗೆ ಫೈಬರ್ ಕಂಡರೂ ಹಿಂಬದಿಯ ಒಳಗಿರುವುದು ಪ್ಲೈವುಡ್. ಎರಡು ಫೈಬರ್ ಪದರದ ಮಧ್ಯೆ. ಎಲ್ಲಾ ದೋಣಿಯಲ್ಲಿ ಅಲ್ಲ, ಆದರೆ ಬಹಳಷ್ಟರಲ್ಲಿ ಹೀಗೇ. ಫೈಬರ್‌ಗೆ ನೀರಿನಿಂದ ಅಷ್ಟು ಬೇಗ ಏನೂ ಆಗಲ್ಲ. ತೂತಿನಿಂದ ನೀರು ಒಳಗೆ ಹೋಯಿತೋ, ಪ್ಲೈವುಡ್ ಕುಡೀತಾ ಹೋಗುತ್ತದೆ, ಒಣಗೋಕೆ ದಾರಿ ಇಲ್ಲ.

ನನ್ನ ಲೆಕ್ಕದಲ್ಲಿ ಹಳೇ ತೂತು ಮುಚ್ಚಿ ಹೊಸ ಬೋಲ್ಟ್ ಹಾಕಿದರೆ ಸಂಜೆಗೆ ಮುಗಿಯಿತು. ಮಾಮ ಒಪ್ಪಲೇ ಇಲ್ಲ. ಕೊಳೆತಷ್ಟು ಜಾಗ ಒಳಗಿನಿಂದ ಕತ್ತರಿಸಿ ತೆಗೆದು, ಬಲ್ಬ್ ಇಟ್ಟು ಒಣಗಿಸಿ, ಮರೈನ್ ಪ್ಲೈ (ದೋಣಿಗೆ ಬಳಸುವ ಪ್ಲೈವುಡ್) ತುಂಡು ಕೂರಿಸಿ, ಮೇಲೆ ಫೈಬರ್ ಮ್ಯಾಟ್ ಮತ್ತು ರೆಸಿನ್. ಒಣಗಿಸೋಕೇ ಐದು ದಿನ ಹೋಯಿತು. ದಿನಾ ಫೋನ್ ಮಾಡುತ್ತಿದ್ದೆ, ದಿನಾ "ಹಸಿ ಉಂಟು" ಅನ್ನುವ ಉತ್ತರ, ಅದೂ ಫೋನ್ ಎತ್ತಿದರೆ.

ಈ ಶೆಡ್ಡಿಗೆ ನಾಲ್ಕು ಸ್ಟಾರ್ ಕೊಡುತ್ತಿರುವುದು ಮುಖ್ಯವಾಗಿ ಎಂಜಿನ್ ಬೋಲ್ಟಿನ ತೂತಿಗೆ. ಬೋಲ್ಟ್ 8 ಎಂಎಂ, ಆದರೆ ಅವರು ಕೊರೆದದ್ದು 14 ಎಂಎಂ! ನನಗೆ ಎದೆ ಧಸಕ್ ಅಂತು. ಆಮೇಲೆ ತೂತಿನ ಒಂದು ಬದಿಗೆ ಟೇಪ್ ಹಚ್ಚಿ, ಎಪಾಕ್ಸಿಗೆ (ಎರಡು ದ್ರವ ಬೆರೆಸಿದರೆ ಗಟ್ಟಿಯಾಗುವ ಅಂಟು) ಪುಡಿ ಕಲಸಿ ದೋಸೆ ಹಿಟ್ಟಿಗಿಂತ ಗಟ್ಟಿ ಮಾಡಿ ಪೂರ್ತಿ ತುಂಬಿದರು. ಮರುದಿನ ಅದು ಕಲ್ಲಾದ ಮೇಲೆ ಅದರ ನಟ್ಟನಡುವೆ 8 ಎಂಎಂ ತೂತು. ಅಂದರೆ ಬೋಲ್ಟ್ ಈಗ ಎಪಾಕ್ಸಿ ಕೊಳವೆಯೊಳಗೆ ಕೂತಿದೆ, ನಾಳೆ ಸೀಲಂಟ್ (ನೀರು ನುಗ್ಗದ ಹಾಗೆ ಸಂದಿಗೆ ತುಂಬುವ ಪೇಸ್ಟ್) ಬಿಟ್ಟರೂ ನೀರಿಗೆ ಮರ ಸಿಗಲ್ಲ. ಬೋಲ್ಟ್ ಬಿಗಿ ಮಾಡಿದಾಗ ಪ್ಲೈವುಡ್ ಹಿಸುಕಿ ಒಳಗೆ ಹೋಗುವ ಪ್ರಶ್ನೆಯೂ ಇಲ್ಲ. ತೂತಿನ ಬಾಯಿಯನ್ನು ಕೌಂಟರ್‌ಸಿಂಕ್ ಅನ್ನುವ ಅಗಲ ತುದಿಯ ಬಿಟ್‌ನಿಂದ ಒಂಚೂರು ಅಗಲ ಮಾಡಿದರು. ಹಾಗೆ ಮಾಡದಿದ್ದರೆ ಮೇಲಿನ ಜೆಲ್‌ಕೋಟ್ (ಫೈಬರ್ ಮೇಲಿನ ನುಣುಪು ಬಣ್ಣದ ಪದರ) ನಕ್ಷತ್ರದ ಹಾಗೆ ಬಿರುಕು ಬಿಡುತ್ತದೆ, ಮತ್ತೆ ಸೀಲಂಟ್ ಆ ಬಾಯಲ್ಲಿ ಉಂಗುರದ ಹಾಗೆ ಕೂತುಕೊಳ್ಳಬೇಕಲ್ವಾ. ಬಿಗಿ ಮಾಡುವಾಗ ಹೊರಗೆ ಬೋಲ್ಟಿನ ತಲೆ ಹಿಡಿದು ನಿಲ್ಲೋಕೆ ನನಗೆ ಹೇಳಿ, ಒಳಗಿಂದ ನಟ್ ಮಾತ್ರ ತಿರುಗಿಸಿದರು. ತಲೆ ತಿರುಗಿದರೆ ಸೀಲಂಟ್ ಹರಿದು ಹೋಗುತ್ತದಂತೆ. ಒಳಗಡೆ ನಟ್ ಕೆಳಗೆ ಬರೀ ವಾಷರ್ ಅಲ್ಲ, ದಪ್ಪ ಫೈಬರ್ ಪಟ್ಟಿ. ಭಾರ ಎಲ್ಲಾ ಕಡೆ ಹಂಚಿ ಹೋಗುತ್ತದೆ. ಅಲ್ಯೂಮಿನಿಯಂ ಪಟ್ಟಿ ಹಾಕಿದರೆ ಸಲೀಸಲ್ವಾ ಅಂತ ಕೇಳಿದೆ. ಉಪ್ಪುನೀರಲ್ಲಿ ಸ್ಟೀಲಿಗೂ ಅಲ್ಯೂಮಿನಿಯಂಗೂ ಆಗಿಬರಲ್ಲ, ಅಲ್ಯೂಮಿನಿಯಂ ಸವೆದು ಹೋಗುತ್ತದೆ ಅಂದರು.

ಬೋಲ್ಟಿನ ವಿಷಯದಲ್ಲಿ ಇನ್ನೊಂದು ಬೈಗುಳ ತಿಂದೆ. ಪೇಟೆಯಿಂದ ಸ್ಟೇನ್‌ಲೆಸ್ ತಂದಿದ್ದೆ, ಮ್ಯಾಗ್ನೆಟ್ ಹಚ್ಚಿ ನೋಡಿ, ಅಂಟಲಿಲ್ಲ ಅಂತ ಖುಷಿಯಾಗಿ. ಸ್ಟೇನ್‌ಲೆಸ್‌ನ ದರ್ಜೆ 304 ಆದರೂ 316 ಆದರೂ ಮ್ಯಾಗ್ನೆಟ್ ಸಾಮಾನ್ಯವಾಗಿ ಅಂಟಲ್ಲ, ಅದು ಪರೀಕ್ಷೆಯೇ ಅಲ್ಲ. ತಲೆ ಮೇಲೆ ಎ4 ಅಂತ ಇದ್ದರೆ 316 ದರ್ಜೆ, ಎ2 ಅಂದರೆ 304. ಸಮುದ್ರಕ್ಕೆ ಎ4 ಬೇಕು. ನನ್ನದರ ಮೇಲೆ ಏನೂ ಇರಲಿಲ್ಲ. ಸುಮ್ನೆ ವಾಪಸ್ ತಂದೆ.

ಸೀಲಂಟ್ 3ಎಂ 5200, ನಾನೇ ತರಿಸಿ ಕೊಟ್ಟದ್ದು. ಪೂರ್ತಿ ಗಟ್ಟಿಯಾಗೋಕೆ ಒಂದು ವಾರದ ಹತ್ತಿರ ಬೇಕು, ಅವಸರ ಇರುವವರಿಗಲ್ಲ. ಮುಂದೆ ಬಿಚ್ಚಬೇಕಾದ ಸಾಮಾನಿಗಂತೂ ಬೇಡ, ಕಿತ್ತರೆ ಜೆಲ್‌ಕೋಟ್ ಸಮೇತ ಬರಬಹುದು. ನನ್ನ ಹಳೇ ಸಿಲಿಕೋನ್ ಉಜ್ಜಿ ತೆಗೆಯೋಕೆ ಅವರಿಗೆ ಅರ್ಧ ದಿನ ಹಿಡಿಯಿತು. ಸಿಲಿಕೋನ್ ಮೆತ್ತಿದ ಜಾಗಕ್ಕೆ ಆಮೇಲೆ ಪೇಂಟೂ ಹಿಡಿಯಲ್ಲ, ರೆಸಿನ್ನೂ ಹಿಡಿಯಲ್ಲ. ಆ ಅರ್ಧ ದಿನದ ಕೂಲಿ ಬೇರೆ ಬರೆದರು, ನ್ಯಾಯವೇ.

ಸೆನ್ಸರ್‌ಗೆ ಈಗ ತೂತೇ ಇಲ್ಲ. ದಪ್ಪ ಫೈಬರ್ ತುಂಡೊಂದನ್ನು ಎಪಾಕ್ಸಿಯಲ್ಲಿ ಹಿಂಬದಿಗೆ ಅಂಟಿಸಿ, ಸ್ಕ್ರೂ ಆ ತುಂಡಿಗೆ ಮಾತ್ರ. ಜಾಗವನ್ನೂ ಬದಲಾಯಿಸಿದರು, ಪ್ರೊಪೆಲ್ಲರಿನಿಂದ ದೂರ, ಬಲಕ್ಕೆ. ಮೊದಲು ಓಡುವಾಗ ಸ್ಕ್ರೀನ್ ತುಂಬ ಗುಳ್ಳೆಯೇ ಕಾಣುತ್ತಿತ್ತು, ಈಗ ತಳ ಒಂದೇ ಗೆರೆ.

ಇನ್ನು ದೂರು. ನಾಲ್ಕು ದಿನ ಅಂದವರು ಹದಿಮೂರು ದಿನ ಮಾಡಿದರು. ಬಿಲ್ ಇಲ್ಲ, ಬೀಡಿ ಕಟ್ಟಿನ ಹಿಂದೆ ಲೆಕ್ಕ: ಕೂಲಿ 6,500, ಸಾಮಾನು ನಂದೇ. ತೇಪೆಯ ಬಿಳಿ ಬೇರೆ, ದೋಣಿಯ ಬಿಳಿ ಬೇರೆ, ದೂರದಿಂದಲೇ ಗೊತ್ತಾಗುತ್ತದೆ. ಉಜ್ಜಿದ ಧೂಳು ಸೀಟಿನ ಕೆಳಗೆಲ್ಲ ಹಾಗೇ ಬಿಟ್ಟಿದ್ದರು, ಮನೆಗೆ ತಂದು ತೊಳೆದ ನನ್ನ ಕೈ ಎರಡು ದಿನ ತುರಿಸಿತು. ಒಂದು ಸ್ಟಾರ್ ಹೋದದ್ದು ಇದಕ್ಕೇ.

ಹೋಗುವವರು ಮಾರ್ಚ್-ಏಪ್ರಿಲ್‌ನಲ್ಲೇ ಹೋಗಿ. ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರಿಕ ಮೀನುಗಾರಿಕೆ ಬಂದ್ ಇರುವಾಗ ಎಲ್ಲರೂ ದೋಣಿ ಎಳೆದು ತರುತ್ತಾರೆ, ಅಲ್ಲಿ ನಿಲ್ಲೋಕೂ ಜಾಗ ಇರಲ್ಲ. ಆ ಮಳೆಯಲ್ಲಿ ಮರ ಒಣಗೋದೂ ಅಷ್ಟರಲ್ಲೇ ಇದೆ. ಭಾನುವಾರ ಬೇಡ, ಮಾಮ ತಾವೇ ಗಾಳ ಹಿಡಿದು ಕಾಳಿಗೆ ಹೋಗಿರುತ್ತಾರೆ. ಅವರ ಸ್ವಂತ ದೋಣಿಯ ಎಂಜಿನ್ನನ್ನು ಹಗ್ಗದಲ್ಲಿ ಕಟ್ಟಿದ್ದು ನಾನು ನೋಡಿದ್ದೇನೆ, ಕೇಳಿದರೆ "ಟೈಮಿಲ್ಲ ತಮ್ಮಾ" ಅಂತಾರೆ.