ಮಳೆಗಾಲಕ್ಕೆ ಸೈಟಿಗೆ ಬೀಗ ಹಾಕುವ ಮುನ್ನ ಪಾಲಿಸಿ ತೆಗೆದು ಓದಿ

ಕೊಡಗಿನಲ್ಲಿ ಲಾಡ್ಜ್, ಅಂಗಡಿ ಕಾಂಪ್ಲೆಕ್ಸ್, ಕಲ್ಯಾಣ ಮಂಟಪ ಕಟ್ಟಿಸುತ್ತಿರುವವರು ದಯವಿಟ್ಟು ಇದನ್ನು ಮೇ ತಿಂಗಳೊಳಗೆ ಓದಿ. ಮಡಿಕೇರಿ ಬಳಿ ಇಳಿಜಾರಿನಲ್ಲಿ ಏಳುತ್ತಿದ್ದ ಮೂರಂತಸ್ತಿನ ಲಾಡ್ಜ್ ಒಂದರ ಮಾಲೀಕರಿಗೆ ಮಳೆಗಾಲದಲ್ಲಿ ದೊಡ್ಡ ನಷ್ಟವಾಯಿತು. ಕಟ್ಟಡದ ಕೆಲಸ ನಡೆಯುವಾಗ ಆಗುವ ಹಾನಿಗೆಂದು ಮಾಡಿಸುವ ಕಾಂಟ್ರಾಕ್ಟರ್ಸ್ ಆಲ್ ರಿಸ್ಕ್ ವಿಮಾ ಪಾಲಿಸಿ ಇತ್ತು, ಪ್ರೀಮಿಯಂ ಪೂರ್ತಿ ಕಟ್ಟಿತ್ತು. ಆದರೂ ಒಂದು ರೂಪಾಯಿ ಬರಲಿಲ್ಲ.

ಆದದ್ದಿಷ್ಟು. ಜೂನ್ ಮೊದಲ ವಾರ ಸ್ಲ್ಯಾಬ್ ಮುಗಿಸಿ ಕೆಲಸದವರು ಊರಿಗೆ ಹೋದರು, ಗೇಟಿಗೆ ಬೀಗ ಬಿತ್ತು. ನೆಲದೊಳಗಿನ ಸಂಪ್, ಅಂದರೆ ನೀರಿನ ಕಾಂಕ್ರೀಟ್ ತೊಟ್ಟಿ, ಖಾಲಿ ಇತ್ತು. ಆಶ್ಲೇಷ ಮಳೆ ಜೋರಾದಾಗ ಸುತ್ತಲಿನ ಸಡಿಲ ಮಣ್ಣು ನೀರು ಕುಡಿದು ಸಂಪ್ ಮೇಲಕ್ಕೆದ್ದಿತು. ಅದು ಎದ್ದ ರಭಸಕ್ಕೆ ಗೋಡೆ ದಾಟಿ ಹೋಗಿದ್ದ ಪೈಪು ಕಿತ್ತುಬಂತು. ಆ ತೂತಿನಿಂದ ಹಿಂಬದಿಯ ಬರೆಯ (ಗುಡ್ಡ ಕಡಿದ ಕಡಿದಾದ ಮಣ್ಣಿನ ಇಳಿಜಾರಿನ) ನೀರೆಲ್ಲ ನೆಲ ಅಂತಸ್ತಿಗೆ ನುಗ್ಗಿತು. ಅಲ್ಲಿ ಪೇರಿಸಿಟ್ಟಿದ್ದ ಜಿಪ್ಸಂ ಬೋರ್ಡು, ಎಂಡಿಎಫ್ ಬಾಗಿಲು, ಎಲೆಕ್ಟ್ರಿಕಲ್ ಪ್ಯಾನೆಲ್ ಎಲ್ಲವೂ ಹಾಳಾದವು.

ಕಾಂಕ್ರೀಟ್ ತೊಟ್ಟಿ ತೇಲುತ್ತದೆಯೇ ಎಂದು ಕೇಳುವವರು ಲೆಕ್ಕ ಹಾಕಿ ನೋಡಿ. 6 ಮೀಟರ್ ಉದ್ದ, 4 ಮೀಟರ್ ಅಗಲ, 3 ಮೀಟರ್ ಆಳದ ಸಂಪಿನ ಗಾತ್ರ 72 ಘನ ಮೀಟರ್. ಸುತ್ತಲಿನ ಮಣ್ಣಿನಲ್ಲಿ ನೀರು ಅಂಚಿನವರೆಗೆ ನಿಂತರೆ ಅದನ್ನು ಮೇಲಕ್ಕೆ ತಳ್ಳುವ ಬಲ 72 ಟನ್. 20 ಸೆಂ.ಮೀ. ಗೋಡೆ, 25 ಸೆಂ.ಮೀ. ತಳ, 15 ಸೆಂ.ಮೀ. ಮುಚ್ಚಳ ಎಲ್ಲ ಸೇರಿಸಿದರೂ ಸಂಪಿನ ತೂಕ 49 ಟನ್ ಆಸುಪಾಸು. ಪಂಪ್ ಇಡುತ್ತೇವೆ ಎನ್ನಬೇಡಿ. ಮಳೆಗಾಲದಲ್ಲಿ ಇಲ್ಲಿ ಕರೆಂಟನ್ನು ನಂಬಲಾಗದು. ಬೀಗ ಹಾಕುವ ಮುನ್ನ ಸಂಪ್ ತುಂಬಿಸಿಬಿಡಿ. ಕೊಳಚೆ ನೀರು ಶುದ್ಧೀಕರಿಸುವ ಎಸ್‌ಟಿಪಿ ತೊಟ್ಟಿಗೂ ಇದೇ ಮಾತು.

ತಡೆಗೋಡೆಯ ಹಿಂದೆ ನೀರು ನಿಲ್ಲುವುದು ಇನ್ನೂ ಅಪಾಯಕಾರಿ. 4 ಮೀಟರ್ ಎತ್ತರಕ್ಕೆ ನೀರು ನಿಂತರೆ, ಮಣ್ಣಿನ ಒತ್ತಡ ಬಿಟ್ಟು, ಗೋಡೆಯ ಪ್ರತಿ ಮೀಟರ್ ಉದ್ದಕ್ಕೆ ಸುಮಾರು 8 ಟನ್ ಬಲ ಬೀಳುತ್ತದೆ. ನೀರು ಹೊರಹೋಗಲು 75ರಿಂದ 100 ಮಿ.ಮೀ. ಪೈಪುಗಳು ಒಂದೂವರೆ ಮೀಟರಿಗೊಂದರಂತೆ, ಹೊರಕ್ಕೆ ಇಳಿಜಾರಾಗಿ ಇರಬೇಕು; ಅವುಗಳ ಹಿಂದೆ ಜಲ್ಲಿಯ ಪದರ ಬೇಕು. ಕಾಂಕ್ರೀಟ್ ಹಾಕುವಾಗ ಸಿಮೆಂಟ್ ಹಾಲು ನುಗ್ಗಿ ಮುಚ್ಚಿಹೋದ ಪೈಪುಗಳೇ ಹೆಚ್ಚು, ಒಂದೊಂದಕ್ಕೂ ಕಂಬಿ ಹಾಕಿ ನೋಡಿ. ಬರೆಗೆ ಟರ್ಪಾಲು ಹೊದಿಸುವವರು ಅದರ ಮೇಲಂಚನ್ನು ಕಾಲುವೆ ತೋಡಿ ಮಣ್ಣಲ್ಲಿ ಹೂಳಬೇಕು. ಕಲ್ಲು ಹೇರಿ ಬಿಟ್ಟರೆ ನೀರು ಅಡಿಯಲ್ಲೇ ಹರಿದು ಬರೆ ಜರಿಯುತ್ತದೆ.

ತಾರಸಿಯ ಕಥೆ ಸಣ್ಣದು. ಗಾರೆ ಬೀಳದಿರಲಿ ಎಂದು ಮಳೆನೀರಿನ ಪೈಪಿನ ಬಾಯಿಗೆ ತುರುಕಿದ ಸಿಮೆಂಟ್ ಚೀಲ ಅಲ್ಲೇ ಉಳಿದಿರುತ್ತದೆ. 400 ಚದರ ಮೀಟರ್ ತಾರಸಿಗೆ 100 ಮಿ.ಮೀ. ಮಳೆ ಬಿದ್ದರೆ 40,000 ಲೀಟರ್. ಅದು ಲಿಫ್ಟ್ ಗುಂಡಿ, ಡಕ್ಟುಗಳ ದಾರಿ ಹಿಡಿಯುತ್ತದೆ. ಆ ತೆರವುಗಳ ಸುತ್ತ 15 ಸೆಂ.ಮೀ. ಇಟ್ಟಿಗೆ ಕಟ್ಟೆ ಕಟ್ಟಿ ಮೇಲೆ ಶೀಟು ಮುಚ್ಚಿ.

ಇನ್ನು ಕ್ಲೇಮ್ ಏಕೆ ಬಿದ್ದುಹೋಯಿತು ಎಂಬ ವಿಷಯ. ಕೆಲಸ ಪೂರ್ತಿಯಾಗಿ ಅಥವಾ ಭಾಗಶಃ ನಿಂತದ್ದರಿಂದ ಆದ ನಷ್ಟವನ್ನು ಈ ಪಾಲಿಸಿ ಸಾಮಾನ್ಯವಾಗಿ ಹೊರಗಿಡುತ್ತದೆ. ಕೊಡಗಿನಲ್ಲಿ ಮಳೆಗಾಲಕ್ಕೆ ಕೆಲಸ ನಿಲ್ಲಿಸುವುದು ವಾಡಿಕೆ, ಆದರೆ ವಿಮಾ ಕಂಪನಿಗೆ ನಮ್ಮ ವಾಡಿಕೆ ಗೊತ್ತಿರುವುದಿಲ್ಲ. ನಿಲ್ಲಿಸುವ ಮೊದಲೇ ಕಂಪನಿಗೆ ಬರೆದು ತಿಳಿಸಿ, ಆ ಅವಧಿಗೂ ರಕ್ಷಣೆ ಮುಂದುವರಿಯುತ್ತದೆಂಬ ಎಂಡಾರ್ಸ್‌ಮೆಂಟ್ (ಪಾಲಿಸಿಗೆ ಸೇರಿಸುವ ಲಿಖಿತ ತಿದ್ದುಪಡಿ) ಪಡೆಯಿರಿ. ಏಜೆಂಟ್ ಫೋನಿನಲ್ಲಿ "ಏನೂ ಆಗಲ್ಲ ಸಾರ್" ಎಂದದ್ದಕ್ಕೆ ಬೆಲೆಯಿಲ್ಲ.

ವಿಮಾ ಕಂಪನಿಯ ಎರಡನೆಯ ಆಕ್ಷೇಪ, ಸಂಪ್ ಎದ್ದದ್ದು ವಿನ್ಯಾಸದ ದೋಷ ಎಂಬುದು. ಮೂರನೆಯದು ತಡವಾದ ಸುದ್ದಿ: ಸೈಟಿನಲ್ಲಿ ಯಾರೂ ಇಲ್ಲದೆ ಹಾನಿ ಗೊತ್ತಾಗಲು ವಾರಗಳೇ ಹಿಡಿದವು. ಇಂಥ ಪಾಲಿಸಿಗಳಲ್ಲಿ ತಕ್ಷಣ ತಿಳಿಸಬೇಕು ಎಂಬ ಷರತ್ತಿರುತ್ತದೆ, ಹಲವದರಲ್ಲಿ 14 ದಿನಗಳ ಗಡುವೂ ಇರುತ್ತದೆ. ಆದ್ದರಿಂದ ದಿನಕ್ಕೊಮ್ಮೆ ಸುತ್ತಿ ಫೋಟೊ ಕಳಿಸುವ ಕಾವಲುಗಾರ ಬೇಕೇ ಬೇಕು. ಬಾಗಿಲು, ಪ್ಯಾನೆಲ್‌ಗಳನ್ನು ಮಾಲೀಕರೇ ತಂದುಕೊಟ್ಟಿದ್ದರು. ಆ ಬೆಲೆ ವಿಮಾ ಮೊತ್ತದಲ್ಲಿ ಸೇರಿರಲೇ ಇಲ್ಲ. ಒಟ್ಟು 4 ಕೋಟಿಯ ಕೆಲಸಕ್ಕೆ 3 ಕೋಟಿ ವಿಮೆ ಮಾಡಿದ್ದರೆ, 20 ಲಕ್ಷದ ನಷ್ಟಕ್ಕೂ ಅದೇ ಅನುಪಾತದಲ್ಲಿ ಲೆಕ್ಕ ಕೂಡುವುದು 15 ಲಕ್ಷ. ಅದರಲ್ಲೂ ಎಕ್ಸೆಸ್, ಅಂದರೆ ನಾವೇ ಭರಿಸಬೇಕಾದ ಪಾಲು, ಕಳೆಯುತ್ತಾರೆ. ಪ್ರವಾಹ, ಭೂಕುಸಿತಕ್ಕೆ ಈ ಕಡಿತ ಸಾಮಾನ್ಯವಾಗಿ ಹೆಚ್ಚು.

ಸೀಸನ್ನಿಗೆಂದು ಕೆಳಗಿನ ನಾಲ್ಕು ರೂಮು ಬಾಡಿಗೆಗೆ ಕೊಟ್ಟು ಮೇಲೆ ಕೆಲಸ ಮುಂದುವರಿಸುವವರೂ ಗಮನಿಸಿ: ಬಳಕೆಗೆ ತೆರೆದ ಭಾಗಕ್ಕೆ ಈ ಪಾಲಿಸಿಯ ರಕ್ಷಣೆ ಅಲ್ಲಿಗೇ ಮುಗಿಯುತ್ತದೆ, ಬೇರೆ ವಿಮೆ ಬೇಕು.

ಹಾನಿಯಾದರೆ ನಷ್ಟ ಅಳೆಯುವ ವಿಮಾ ಸರ್ವೇಯರ್ ಬರುವವರೆಗೆ ಒದ್ದೆ ಸಾಮಾನು ಎಸೆಯಬೇಡಿ. ಹಾನಿ ಹೆಚ್ಚದಂತೆ ನೀರು ಹೊರಹಾಕಿ, ಅದಕ್ಕೂ ಮೊದಲು ಗೋಡೆಯ ಮೇಲಿನ ನೀರಿನ ಗುರುತನ್ನು ಅಳತೆ ಪಟ್ಟಿ ಹಿಡಿದು ಫೋಟೊ ತೆಗೆಯಿರಿ. ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ ಮಳೆಮಾಪಕದ ಅಂಕಿ ತರಿಸಿಕೊಳ್ಳಿ. ಪಕ್ಕದ ಕಾಫಿ ತೋಟದವರು ಇಂಚು, ಸೆಂಟಿನಲ್ಲಿ (ಇಂಚಿನ ನೂರನೇ ಒಂದು ಭಾಗ) ಬರೆದಿಡುವ ಮಳೆ ಪುಸ್ತಕದ ಆ ವಾರದ ಪುಟವನ್ನೂ ಜೊತೆಗಿಡಿ.