ಆರ್‌ಎಫ್ ನೆಗೆಟಿವ್ ಬಂತು ಅಂತ ಸುಮ್ನೆ ಕೂತ್ಕೋಬೇಡಿ

ಹೋದ್ವರ್ಷ ಅಡಿಕೆ ಸುಲಿಯೋ ಟೈಮಲ್ಲಿ ಅಮ್ಮಂಗೆ ರುಮಟಾಯ್ಡ್ ಆರ್ಥ್ರೈಟಿಸ್ (ಕೀಲು ಊದಿ ಬಿಗಿಯೋ ವಾತ) ಶುರುವಾಗಿದ್ದು. ನಮ್ದು ತೀರ್ಥಹಳ್ಳಿ ಕಡೆ, ಮೆಟ್ಟುಗತ್ತಿ ಮುಂದೆ ಕೂತ್ರೆ ಅಮ್ಮನ ಸ್ಪೀಡಿಗೆ ಯಾರೂ ಸಮ ಇಲ್ಲ, ಅಂಥೋಳು ಬೆಳಗ್ಗೆ ಎದ್ರೆ ಮುಷ್ಟಿ ಕಟ್ಟೋಕಾಗಲ್ಲ ಅಂತಾಳೆ, ಬಿಸಿನೀರಲ್ಲಿ ಕೈ ಅದ್ದಿ ಒಂದೂವರೆ ಗಂಟೆ ಕಳೆದ್ಮೇಲೆ ಬೆರಳು ಬಗ್ಗೋದು. ಎರಡೂ ಕೈಯಲ್ಲಿ ಬೆರಳಿನ ಬುಡದ ಗೆಣ್ಣು ಊದಿ ಉಂಗುರ ಸೋಪು ಹಚ್ಚಿ ತೆಗೆಯೋ ಹಂಗಾಯ್ತು.

ನಾನು ಮಹಾ ಬುದ್ಧಿವಂತ, ಡಾಕ್ಟರಿಗೆ ತೋರ್ಸೋ ಮೊದ್ಲೇ ಶಿವಮೊಗ್ಗದ ಒಂದು ಲ್ಯಾಬಲ್ಲಿ ವಾತದ ಪ್ಯಾಕೇಜ್ ಮಾಡ್ಸಿಬಿಟ್ಟೆ. ಯೂರಿಕ್ ಆಸಿಡ್, ಎಎಸ್‌ಓ (ಗಂಟಲು ಸೋಂಕಿಗೆ ನೋಡೋ ಟೆಸ್ಟು, ಈ ವಾತಕ್ಕೂ ಅದಕ್ಕೂ ಸಂಬಂಧನೇ ಇಲ್ವಂತೆ, ದುಡ್ಡು ದಂಡ), ಆರ್‌ಎಫ್ (ರುಮಟಾಯ್ಡ್ ಫ್ಯಾಕ್ಟರ್, ಈ ವಾತ ಇರೋ ತುಂಬಾ ಜನರ ರಕ್ತದಲ್ಲಿ ಸಿಗೋ ಅಂಶ), ಇಎಸ್‌ಆರ್ (ಉರಿಯೂತದ ಟೆಸ್ಟು). ಇಎಸ್‌ಆರ್ 58, ಅಂದ್ರೆ ಜಾಸ್ತೀನೇ ಇತ್ತು, ಆರ್‌ಎಫ್ ನೆಗೆಟಿವ್. ಅದನ್ನ ಹಿಡ್ಕೊಂಡು ಕ್ಲಿನಿಕ್ಕಿಗೆ ಹೋದ್ರೆ ಅವ್ರು ಕೈ ಮುಟ್ಟಿ ಕೂಡ ನೋಡ್ಲಿಲ್ಲ, ವಾತ ಇಲ್ಲ, ವಯಸ್ಸಿನ ಸವೆತ ಅಂತ ಕ್ಯಾಲ್ಸಿಯಂ ಬರ್ಕೊಟ್ರು. ನಾವೂ ಖುಷಿಯಾಗಿ ಮನೆಗ್ ಬಂದ್ವಿ. ಎಂಟು ತಿಂಗಳು ಹಂಗೇ ಹೋಯ್ತು.

ಕೊನೆಗೆ ಘಟ್ಟ ಇಳಿದು ರುಮಟಾಲಜಿಸ್ಟ್ (ವಾತದ ಸ್ಪೆಷಲಿಸ್ಟ್) ಹತ್ರ ಹೋದ್ವಿ. ಅವ್ರು ರಿಪೋರ್ಟ್ ಪಕ್ಕಕ್ಕಿಟ್ಟು ಒಂದೊಂದೇ ಗೆಣ್ಣು ಒತ್ತಿ ನೋಡಿದ್ರು, "ಬೆಳಗ್ಗೆ ಬಿಗಿತ ಎಷ್ಟೊತ್ತು ಇರತ್ತಮ್ಮಾ" ಅಂತ ಕೇಳಿದ್ರು. ಆಂಟಿ ಸಿಸಿಪಿ (ಈ ವಾತಕ್ಕೇ ಮಾಡೋ ಇನ್ನೊಂದು ರಕ್ತ ಪರೀಕ್ಷೆ) ಮಾಡ್ಸಿದ್ರೆ ಪಾಸಿಟಿವ್. ಎಕ್ಸರೇಲಿ ಮೂಳೆ ಅಂಚು ಆಗ್ಲೇ ಕೊರೆದಿತ್ತು, ಅದು ವಾಪಸ್ ಸರಿಯಾಗಲ್ವಂತೆ.

ಈ ಕಾಯಿಲೆ ಇರೋ ನೂರು ಜನದಲ್ಲಿ ಸುಮಾರು 20-30 ಜನಕ್ಕೆ ಆರ್‌ಎಫ್ ಪಾಸಿಟಿವ್ ಬರೋದೇ ಇಲ್ವಂತೆ ಮಾರಾಯ್ರೆ. ಉಲ್ಟಾನೂ ಇದೆ, ಕಾಯಿಲೆ ಇಲ್ದೇನೂ ಆರ್‌ಎಫ್ ಪಾಸಿಟಿವ್ ಬರಬಹುದು, ನಮ್ಮ ಪಕ್ಕದ್ಮನೆ ಅಜ್ಜಂಗೆ ಚಿಕೂನ್‌ಗುನ್ಯಾ ಆದ್ಮೇಲೆ ಪಾಸಿಟಿವ್ ಬಂದು, ಹೆದ್ರಿ ಮೆಡಿಕಲ್‌ನಲ್ಲಿ ಕೇಳಿ ಸ್ಟೀರಾಯ್ಡ್ ನುಂಗಿ ಶುಗರ್ ಏರಿಸ್ಕೊಂಡ್ರು. ವಯಸ್ಸಾದೋರಿಗೆ, ಹೆಪಟೈಟಿಸ್ ಸಿ ಇರೋರಿಗೂ ಬರತ್ತೆ. ಸಿಸಿಪಿ ಪಾಸಿಟಿವ್ ಬಂದ್ರೆ ಇನ್ನೂ ಗಟ್ಟಿ ಸುಳಿವು, ಆದ್ರೆ ಅದು ನೆಗೆಟಿವ್ ಬಂದ್ರೂ ಕಾಯಿಲೆ ಇಲ್ಲ ಅಂತಲ್ಲ. ಇಎಸ್‌ಆರ್, ಸಿಆರ್‌ಪಿ ಒಳಗೆಲ್ಲೋ ಉರಿಯೂತ ಇದೆ ಅಂತ ಹೇಳತ್ತೆ ಅಷ್ಟೇ, ಎಲ್ಲಿ ಯಾಕೆ ಅಂತ ಹೇಳಲ್ಲ.

ರಕ್ತ ಪರೀಕ್ಷೆನೇ ಬೇಡ ಅಂತಿಲ್ಲ ನಾನು. ಈಗ ಕಾಯಿಲೆ ಹತೋಟಿಗೆ ಮೆಥೋಟ್ರೆಕ್ಸೇಟ್ ಮಾತ್ರೆ ನಡೀತಿದೆ, ಅದಕ್ಕೆ ಲಿವರ್ರು, ರಕ್ತಕಣ ಆಗಾಗ ನೋಡ್ಲೇಬೇಕು, ಸಿಆರ್‌ಪಿ ಇಳೀತಿದ್ಯಾ ಅಂತಾನೂ. ಆ ಮಾತ್ರೆ ವಾರಕ್ಕೊಂದೇ ದಿನ, ದಿನಾ ತಗೊಂಡ್ರೆ ಜೀವಕ್ಕೇ ಅಪಾಯ, ಅದಕ್ಕೇ ಕ್ಯಾಲೆಂಡರಲ್ಲಿ ಭಾನುವಾರಕ್ಕೆಲ್ಲ ಕೆಂಪು ಸುತ್ತು ಹಾಕಿದೀನಿ.

ಈ ಸಲ ಸುಲಿಯೋಕೆ ಆಳು ಕರ್ದಿದೀವಿ. ಅಮ್ಮ ಪಕ್ಕದಲ್ಲಿ ಕೂತು, ಸುಲಿಯೋದು ಹಂಗಲ್ಲ ಅಂತ ಬೈತಾ ಇರ್ತಾಳೆ.